ಎಲೆ ಉದುರಿಸದ ಮರ

"ಎಲ್ಲಾ ಮರಾನೂ ಬೋಳಾಯ್ತು. ಇದೊಂದು ನೋಡೇ, ಅರ್ಧ ತಲೆ ಬೋಳಿಸ್ಕೊಂಡು ಕ್ಷೌರದಂಗಡಿಯಿಂದ ಓಡಿ ಬಂದ ಹಾಗಿದೆ!" ಎಂದರು ಚಿಕ್ಕಮ್ಮ, ಕಸಬರಿಗೆಯ ಹಿಡಿಗೆ ಗದ್ದ ಊರಿ.

ಚಿಕ್ಕಮ್ಮನಿಗೆ ಪಾರ್ಕು ಗುಡಿಸುವ ಕೆಲಸ, ಪಕ್ಕದಲ್ಲಿ ನಿಂತಿದ್ದ ಅಕ್ಕನ ಮಗಳಿಗೆ ಅಲ್ಲಿನ ಮರಗಳನ್ನು ನೋಡಿಕೊಳ್ಳುವ ಕೆಲಸ. ಅವಳು ತಲೆಯೆತ್ತಿದಳು. ನಿಜ, ದೀಪದ ಕಂಬದ ಕಡೆಯ ಕೊಂಬೆಗಳು ಮಾತ್ರ ಇನ್ನೂ ಹಸಿರು. ಕಂಬದಲ್ಲಿ ಹೊಸ ದೀಪ, ತಟ್ಟೆಯಷ್ಟು ಅಗಲದ್ದು.

ಆ ಚಳಿಯ ಊರಿನಲ್ಲಿ ಹಿಮ ಇನ್ನೇನು ಬೀಳಲಿತ್ತು. ಎಲೆ ಹೊತ್ತ ಕೊಂಬೆಯ ಮೇಲೆ ಅದು ಕೂತರೆ ಕೊಂಬೆ ಮುರಿಯುವುದು ಖಂಡಿತ. ಅವಳು ಸೀದಾ ಎಲೆಕ್ಟ್ರಿಷಿಯನ್ ಕೋಣೆಗೆ ನಡೆದಳು.

"ರೀ ದೀಪದವ್ರೇ, ನನ್ನ ಮರದ ನಿದ್ದೆ ಕೆಡಿಸಿದ್ದೀರಲ್ಲ!"

ವೈರು ಸುತ್ತುತ್ತಿದ್ದವನು ತಲೆಯೆತ್ತಿದ. ಎತ್ತಿದಷ್ಟೇ ಬೇಗ ತಗ್ಗಿಸಿದ. ಯಾವಾಗಲೂ ಹೀಗೇ. ಎದುರು ಸಿಕ್ಕರೆ ಕಂಬ ನೋಡುತ್ತಾನೆ, ಆಕಾಶ ನೋಡುತ್ತಾನೆ, ಇವಳನ್ನೊಂದು ಬಿಟ್ಟು. ನೋಡದವನಿಗಾಗಿ ಎಷ್ಟು ದಿನವೆಂದು ತಲೆ ಬಾಚಿಕೊಂಡು ಓಡಾಡುವುದು? ಅವಳು ಆಸೆಯನ್ನು ಹೆಚ್ಚೂಕಡಿಮೆ ಕೈಬಿಟ್ಟಿದ್ದಳು.

"ಮರಕ್ಕೂ ನಿದ್ದೆನಾ?"

"ಮತ್ತೆ? ಹಗಲು ಗಿಡ್ಡ ಆಯ್ತು ಅಂತ ಗೊತ್ತಾದ್ರೆ ತಾನೇ ಅದು ಹಸಿರು ಮಾಡೋದನ್ನ ನಿಲ್ಲಿಸೋದು? ಹಸಿರು ಹೋದ್ಮೇಲೆ ಒಳಗಿದ್ದ ಹಳದಿ ಕಾಣುತ್ತೆ. ಆಮೇಲೆ ತೊಟ್ಟಿನ ಬುಡದಲ್ಲಿ ತೆಳ್ಳಗೆ ಗೋಡೆ ಕಟ್ಕೊಂಡು ಎಲೆನ ಬಿಟ್ಟುಬಿಡುತ್ತೆ. ನಿಮ್ಮ ದೀಪ ಬೆಳಗಿನ ತನಕ ಉರಿದ್ರೆ ಪಾಪ, ಅದಕ್ಕೆ ಇನ್ನೂ ಬೇಸಿಗೆನೇ!"

"ಹಳದಿ ಮೊದಲೇ ಇತ್ತಾ?"

"ಇತ್ತು. ಕಾಣ್ತಿರ್ಲಿಲ್ಲ ಅಷ್ಟೆ. ಮಾತು ಮರೆಸ್ಬೇಡಿ. ಅಷ್ಟು ದೊಡ್ಡ ದೀಪ ಹಾಕು ಅಂತ ಆಫೀಸಿನವರು ಹೇಳಿದ್ರಾ?"

"ಇಲ್ಲ."

"ಮತ್ಯಾರು?"

ವೈರು ಅವನ ಕೈಯಲ್ಲಿ ಗಂಟಾಯಿತು. "ಆ ತಿರುವಲ್ಲಿ ಕತ್ತಲು, ಹೆದರಿಕೆ ಆಗುತ್ತೆ ಅಂತ ನಿಮ್ಮ ಚಿಕ್ಕಮ್ಮನ ಹತ್ರ ಹೇಳ್ತಿದ್ರಿ. ನೀವು ಬರೋದು ಬೆಳಕು ಹರಿಯೋ ಮುಂಚೆ, ಹೋಗೋದು ಕತ್ತಲಾದ್ಮೇಲೆ. ಅದಕ್ಕೇ..."

ಬಾಯಿ ತುಂಬ ಬೈಗುಳ ತುಂಬಿಕೊಂಡು ಬಂದವಳಿಗೆ ಒಂದೂ ನೆನಪಾಗಲಿಲ್ಲ.

"ನನಗೋಸ್ಕರನಾ?"

"ಮರಕ್ಕೆ ಹೀಗಾಗುತ್ತೆ ಅಂತ ನಂಗೇನ್ರೀ ಗೊತ್ತು? ದೀಪ ಹಾಕೋದು ಗೊತ್ತು. ಬಾಯ್ಬಿಟ್ಟು ಹೇಳೋದು ಗೊತ್ತಿಲ್ಲ."

"ಈಗ ಹೇಳಿದ್ರಲ್ಲ."

"ಇನ್ನೂ ಹೇಳಿಲ್ಲ." ಅವನು ಮೊದಲ ಬಾರಿ ಅವಳನ್ನು ನೆಟ್ಟಗೆ ನೋಡಿದ. "ನೀವಂದ್ರೆ ನಂಗಿಷ್ಟ. ಹಾಂ, ಈಗ ಹೇಳ್ದೆ."

ಅವಳು ಕಿಟಕಿಯತ್ತ ತಿರುಗಿದಳು. ಕಿವಿ ಬಿಸಿಯಾಗಿತ್ತು. "ಮೊದ್ಲು ಆ ದೀಪ ಇಳಿಸಿ."

"ಇಳಿಸ್ತೀನಿ. ಆಮೇಲೆ ಕತ್ತಲಲ್ಲಿ ನೀವು ಹೇಗೆ ಹೋಗ್ತೀರಿ?"

"ಒಬ್ಳೇ ಹೋಗ್ತೀನಿ ಅಂತ ಯಾರ್ ಹೇಳಿದ್ದು?"

ಸಂಜೆ ಅವನು ಏಣಿ ಹತ್ತಿ ದೀಪ ಇಳಿಸಿದ. ಪಾರ್ಕಿನ ಹಿಂದಿನ ಗೇಟಿಗೆ ಸ್ಪ್ರಿಂಗ್ ಇದೆ, ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಅವಳು ಮೊದಲು ದಾಟಿದಳು. ಆಚೆ ನಿಂತು, ತಣ್ಣನೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಅವನು ಬರುವವರೆಗೆ ಗೇಟು ಬಿಡಲಿಲ್ಲ.