ಆಫೀಸು ಕೋಣೆಯ ಬ್ಯಾಟರಿ

೧೯೬೩ರ ಮಾರ್ಚ್ ೧೨, ಮಂಗಳವಾರ. ಮಧ್ಯಾಹ್ನ ಎರಡರ ಸುಮಾರಿಗೆ ದಾವಣಗೆರೆಯ ಪೊಲೀಸ್ ಠಾಣೆಗೆ ಸೂರಪ್ಪ ಓಡಿಬಂದ. ಊರಿನ ಹತ್ತಿ ಗಿರಣಿಯೊಂದರಲ್ಲಿ ಅವನು ವೈರ್‌ಮನ್. ಅವನ ಎರಡೂ ಅಂಗೈ ಕೆಂಪಾಗಿದ್ದವು.

"ನಮ್ಮ ಸೂಪರ್‌ವೈಜರ್ ಏಕಾಂತಪ್ಪನೋರ ಕಣ್ಣಿಗೆ ಆಸಿಡ್ ಬಿದ್ದೈತೆ ಸಾಹೇಬ್ರೆ. ಒರೆಸಾಕ ಹೋಗಿ ನನ್ನ ಕೈನೂ ಸುಟ್ಟೈತೆ. ತಾನಾಗಿ ಬಿದ್ದಿದ್ದಲ್ಲ. ಯಾರೋ ಬೇಕಂತ ಇಟ್ಟಿದ್ದು."

ಸಬ್ ಇನ್ಸ್‌ಪೆಕ್ಟರ್ ಹನುಮಂತಪ್ಪ ದೂರು ಬರೆಸಿಕೊಂಡರು. ಏಕಾಂತಪ್ಪ ದಿನವೂ ಊಟಕ್ಕೆ ಮುಂಚೆ ಬ್ಯಾಟರಿ ಕೋಣೆಯ ಹೊರಗೆ ಪಿಂಗಾಣಿ ಬೋಗುಣಿಯ ನೀರಿನಲ್ಲಿ ಮುಖ ತೊಳೆಯುತ್ತಿದ್ದರು. ಇವತ್ತು ಬೊಗಸೆ ತುಂಬಿ ಎರಚಿಕೊಂಡದ್ದು ನೀರಾಗಿರಲಿಲ್ಲ. ಆಸಿಡ್ ಸಿಡಿದರೆ ತೊಳೆಯಲೆಂದು ಬಾಗಿಲ ಬಳಿ ಇಡುತ್ತಿದ್ದ ಸೋಡಾ ಪುಡಿ ಕಲಸಿದ ನೀರಿನ ಗಡಿಗೆಯೂ ಬರಿದಾಗಿತ್ತು. ಭಾರತ ದಂಡ ಸಂಹಿತೆ ೩೨೬ನೇ ಕಲಮಿನಡಿ ಎಫ್.ಐ.ಆರ್. ದಾಖಲಾಯಿತು.

ಹನುಮಂತಪ್ಪ ದಫೇದಾರ್ ಮಾರಣ್ಣನನ್ನೂ ಸೂರಪ್ಪನನ್ನೂ ಕರೆದುಕೊಂಡು ಗಿರಣಿಗೆ ಹೋದರು. ಇಬ್ಬರು ಪಂಚರ ಎದುರು ಬೋಗುಣಿಯಲ್ಲಿ ಉಳಿದಿದ್ದ ದ್ರವವನ್ನು ಸೀಸೆಗೆ ಹಾಕಿ ಅರಗಿನ ಮೊಹರು ಹಚ್ಚಿದರು. ಕರೆಂಟು ಹೋದಾಗ ಗಿರಣಿಯೊಳಗೆ ದೀಪ ಉರಿಸುವ ಬ್ಯಾಟರಿಗಳು ಕೋಣೆಯ ತುಂಬ ಸಾಲಾಗಿ ನಿಂತಿದ್ದವು.

"ಹೊಸ ಆಸಿಡ್ ಎಲ್ಲೈತೆ?" ಎಂದು ಹನುಮಂತಪ್ಪ ಸೂರಪ್ಪನನ್ನು ಕೇಳಿದರು.

"ಉಗ್ರಾಣದಾಗೆ. ಬೀಗದ ಕೈ ಏಕಾಂತಪ್ಪನೋರ ಹತ್ರಾನೇ."

ಉಗ್ರಾಣದ ಜಾಡಿಗಳ ಮುಚ್ಚಳ ಒಡೆದಿರಲಿಲ್ಲ. ಹಾಗಿದ್ದರೆ ಆಸಿಡ್ಡನ್ನು ಯಾವುದೋ ಬ್ಯಾಟರಿಯಿಂದಲೇ ತೆಗೆದಿರಬೇಕು.

"ತೆಗೆದು ನೀರು ತುಂಬಿದ್ರೆ ಗೊತ್ತಾಗತೈತಾ?"

"ಗೊತ್ತಾಗತೈತಿರಿ," ಎಂದ ಸೂರಪ್ಪ, ಆಸಿಡ್ ಹೀರಿ ಅಳೆಯುವ ರಬ್ಬರ್ ಬುರುಡೆಯ ಗಾಜಿನ ಕೊಳವೆಯೊಂದನ್ನು ತಂದ. "ಆಸಿಡ್ ಸರಿಯಾಗಿದ್ರೆ ಒಳಗಿನ ಬುಂಡೆ ಮೇಲೆ ತೇಲತೈತೆ. ಬರೀ ನೀರಾದ್ರೆ ಮುಳುಗತೈತೆ."

ಒಂದೊಂದಾಗಿ ಎಲ್ಲವನ್ನೂ ನೋಡಿದರು. ಎಲ್ಲದರಲ್ಲೂ ಬುಂಡೆ ತೇಲಿತು. ಒಳಗಿನ ಸೀಸದ ಪ್ಲೇಟುಗಳು ಮುಳುಗುವಷ್ಟು ಆಸಿಡ್, ಉಜ್ಜಿ ಗ್ರೀಸ್ ಹಚ್ಚಿದ ತಂತಿಯ ತುದಿಗಳು.

"ಬೇರೆ ಬ್ಯಾಟರಿ?"

"ಏಕಾಂತಪ್ಪನೋರ ಆಫೀಸಿನಾಗೆ ಒಂದೈತೆ. ಅವರ ಮೇಜಿನ ದೀಪಕ್ಕೆ."

ಅಲ್ಲಿ ಬುಂಡೆ ತಳ ಹಿಡಿಯಿತು.

ಹನುಮಂತಪ್ಪ ಆ ಕೋಣೆಯಲ್ಲೇ ಕುರ್ಚಿ ಎಳೆದುಕೊಂಡು ಕೂತರು. "ಬ್ಯಾಟರಿ ಕೋಣೆ ಬಾಗಿಲು ತೆರೆದೇ ಇರತೈತೆ. ಅದನ್ನು ಬಿಟ್ಟು ಇಲ್ಲಿಗೆ ಬಂದು ಯಾಕ ತೆಗೆದ್ರು?"

"ಅಲ್ಲಿಂದ ತೆಗೆದಿದ್ರೆ ಕರೆಂಟು ಹೋದಾಗ ಒಳಗಿನ ದೀಪ ಬೇಗ ಆರಿಬಿಡ್ತಿದ್ವು."

"ಹಂಗಾದ್ರೆ ಕೂಲಿಯೋರಿಗೆ ಕತ್ತಲಾಗೋದು ಬ್ಯಾಡ ಅಂತ ಯೋಚನೆ ಮಾಡಿದೋರು. ಕತ್ತಲಾಗೆ ಇಲ್ಲಿ ಯಾರಿಗೇನಾಗಿತ್ತು?"

ಮಾರಣ್ಣ ಇನ್ನೊಮ್ಮೆ ಕೇಳಿದ ಮೇಲೆ ಸೂರಪ್ಪ ಬಾಯಿಬಿಟ್ಟ.

ಎರಡು ವರ್ಷದ ಹಿಂದೆ ಗಿಡ್ಡಪ್ಪ ಎಂಬ ಕೂಲಿಯವನು ನಿಂತ ಮಷಿನ್ನಿನಲ್ಲಿ ಸಿಕ್ಕಿಕೊಂಡ ಹತ್ತಿ ಬಿಡಿಸಲು ಕೈ ಹಾಕಿದ್ದ. ಆಗಲೇ ಕರೆಂಟು ಹೋಯಿತು. ಬ್ಯಾಟರಿ ದೀಪಗಳು ಒಂದು ಗಳಿಗೆ ಮಿಣುಕಿ ಆರಿದವು. ಕತ್ತಲಲ್ಲಿ ಅವನ ಕೈ ಇನ್ನೂ ಒಳಗಿದ್ದದ್ದು ಕಾಣದೆ ಯಾರೋ ಮಷಿನ್ನಿನ ಹಿಡಿ ಎಳೆದಿಟ್ಟಿದ್ದರು. ಕರೆಂಟು ಬಂದದ್ದೇ ತಡ, ಮಷಿನ್ನು ಅವನನ್ನು ಒಳಗೆಳೆದುಕೊಂಡಿತು.

"ಆಗಿದ್ದಿದ್ದು ಬಸ್ಸಿನ ಬ್ಯಾಟರಿ. ಇಂಜಿನ್ ಎಬ್ಬಿಸಾಕ ಒಂದು ಗಳಿಗೆ ಜೋರು ಕೊಡತೈತೆ, ತಾಸುಗಟ್ಟಲೆ ದೀಪ ಉರಿಸಾಕ ಬರಲ್ಲ. ದೀಪಕ್ಕೆ ದಪ್ಪ ಪ್ಲೇಟಿನದ್ದೇ ಬೇಕು. ನಾನು ಹೇಳಿದ್ದೆ, ಏಕಾಂತಪ್ಪನೋರು ಕೇಳಲಿಲ್ಲ. ಮೇಲೆ ನೀರೂ ಹಾಕಿಸಿರಲಿಲ್ಲ, ಪ್ಲೇಟು ಒಣಗಿದ್ವು. ಗಿಡ್ಡಪ್ಪ ಸತ್ತ ಮೇಲೆ ಇವು ಹೊಸಾವು ಬಂದ್ವು."

"ವಿಚಾರಣೆಯಾಗೆ ಏಕಾಂತಪ್ಪ ಏನಂದ್ರು?"

"ಅವನು ಕುಡಿದಿದ್ದ ಅಂದ್ರು. ಗೇಟಿನಾಗೆ ಎಲ್ಲರ ಮುಂದೇನೂ ಅದನ್ನೇ ಅಂದ್ರು."

"ಅವನ ಮನೆಯೋರು?"

"ಹೆಂಡ್ತಿ ಹೊನ್ನಕ್ಕ. ಗುತ್ತೂರಿನಾಕೆ. ಗಿರಣಿಯೋರು ಕನಿಕರಪಟ್ಟು ಕೆಲಸ ಕೊಟ್ರು. ಬ್ಯಾಟರಿಗೆ ನೀರು ಹಾಕೋಳು, ಬೋಗುಣಿಗೆ ನೀರು ತುಂಬೋಳು, ಎರಡೂ ಆಕೀನೇ. ಅತ್ತೆಗೆ ಹುಷಾರಿಲ್ಲ ಅಂತ ಇವತ್ತು ಮಧ್ಯಾಹ್ನಕ್ಕೇ ಹೋದ್ಲು."

ಪೊಲೀಸ್ ಜೀಪು ಹರಿಹರ ದಾಟಿ ಗುತ್ತೂರು ಸೇರಿದಾಗ ಇನ್ನೂ ಬಿಸಿಲಿತ್ತು. ಹೊನ್ನಕ್ಕ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಹಗ್ಗದ ಮೇಲೆ ಆಗತಾನೇ ಒಗೆದ ಸೀರೆ ಒಣಗುತ್ತಿತ್ತು. ಮಾರಣ್ಣ ಅದನ್ನು ಬಿಡಿಸಿದ. ಮಡಿಲಿನ ಜಾಗದಲ್ಲಿ ಬಟ್ಟೆ ಜರಡಿಯಾಗಿ, ಮುಟ್ಟಿದಲ್ಲಿ ಪುಡಿಪುಡಿಯಾಗಿ ಉದುರಿತು.

"ಇವತ್ತು ಉಟ್ಟಿದ್ದು ಇದೇ ಏನವ್ವ?"

"ಹೂಂರಿ."

"ಬೋಗುಣಿಗೆ ಆಸಿಡ್ ಹಾಕಿದ್ದು?"

"ನಾನೇ. ಸೋಡಾ ನೀರು ಚೆಲ್ಲಿದ್ದೂ ನಾನೇ."

ಅವಳು ಜೋಳದ ಮೊರವನ್ನು ಪಕ್ಕಕ್ಕಿಟ್ಟಳು.

"ಎರಡು ವರ್ಷ ಸುಮ್ಮನಿದ್ದಿ. ಈಗ ಯಾಕ?"

"ತಪ್ಪಾತು ಹೊನ್ನಕ್ಕ ಅಂತ ಒಂದು ಮಾತು ಅಂತಾರೇನೋ ಅಂತ ಕಾದೆ. ದಿನಾ ಅವರ ಮುಖ ತೊಳೆಯಾಕ ನಾನೇ ನೀರು ಇಟ್ಟೀನಿ. ಹೋದ ವಾರ ಕರೆಂಟು ಹೋತು, ದೀಪ ಎಲ್ಲಾ ಚೆನ್ನಾಗಿ ಉರಿದ್ವು. ಹೊಸಬರ ಮುಂದೆ ನಕ್ಕೋತ ಅಂದ್ರು, ಅವತ್ತೂ ದೀಪ ಹಿಂಗೇ ಇದ್ವು, ಆ ಕುಡುಕಗೆ ಕಾಣಲಿಲ್ಲ ಅಂತ. ನಾನು ಅಲ್ಲೇ ನಿಂತಿದ್ದೆ." ಎದ್ದು ಸೆರಗು ಸರಿಮಾಡಿಕೊಂಡು ಹೇಳಿದಳು: "ನಂಗೆ ಏನೂ ಅನ್ನಿಸ್ತಿಲ್ಲ ಸಾಹೇಬ್ರೆ. ಅವರು ಚೀರಿದ್ದು ಕೇಳೇ ಬಸ್ಸು ಹತ್ತಿದ್ದು."

ಸೀರೆಯನ್ನು ಪಂಚನಾಮೆ ಮಾಡಿ ವಶಕ್ಕೆ ಪಡೆದು, ಹೊನ್ನಕ್ಕನನ್ನು ದಸ್ತಗಿರಿ ಮಾಡಿದರು.

ಮರುದಿನ ಬೆಳಗ್ಗೆ ಹನುಮಂತಪ್ಪ ಆಸ್ಪತ್ರೆಗೆ ಹೋದರು. ಎರಡೂ ಕಣ್ಣಿಗೆ ಇನ್ನು ದೃಷ್ಟಿ ಬರುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಏಕಾಂತಪ್ಪನವರ ಮುಖದ ತುಂಬ ಪಟ್ಟಿ ಕಟ್ಟಿತ್ತು.

"ಯಾರಂತೆ?"

"ಹೊನ್ನಕ್ಕ."

ಏಕಾಂತಪ್ಪ ಗೋಡೆಯ ಕಡೆ ಹೊರಳಿ ಹೇಳಿದರು: "ಅವನು ಕುಡಿದಿರಲಿಲ್ಲ. ಬರ್ಕೊಳ್ರಿ."

ಸಹಿ ಹಾಕಲು ಆಗದೆ ಅವರು ಹೆಬ್ಬೆಟ್ಟು ಒತ್ತಿದರು.

ಠಾಣೆಯಲ್ಲಿ ಹೊನ್ನಕ್ಕನಿಗೆ ಇದನ್ನು ತಿಳಿಸಿದಾಗ ಅವಳ ಕಣ್ಣಲ್ಲಿ ಮೊದಲ ಸಲ ನೀರಾಡಿತು.

"ಅದನ್ನ ಗೇಟಿನಾಗೆ ಹೇಳ್ರಿ," ಎಂದಳು.

ಹೇಳಿಕೆ ಕೋರ್ಟಿಗೆ ಹೋಗಬೇಕಾದದ್ದು. ಬೇರೆಲ್ಲೂ ಓದುವ ಅಧಿಕಾರ ಹನುಮಂತಪ್ಪನವರಿಗೆ ಇರಲಿಲ್ಲ. ಆದರೂ ಮೊದಲ ಪಾಳಿ ಬಿಡುವ ಹೊತ್ತಿಗೆ ಗಿರಣಿಯ ಮುಂದೆ ಜೀಪು ನಿಲ್ಲಿಸಿ, ಹೊರಬರುತ್ತಿದ್ದವರಿಗೆಲ್ಲ ಕೇಳುವಂತೆ, ಗಿಡ್ಡಪ್ಪ ಅವತ್ತು ಕುಡಿದಿರಲಿಲ್ಲವೆಂದು ಹೇಳಿದರು. ಅಲ್ಲಿಂದ ಠಾಣೆಗೆ ಮರಳಿ, ಹೊನ್ನಕ್ಕನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಕರೆದೊಯ್ದರು.