ನಲವತ್ತೇಳನೇ ನಂಬರಿನ ಕಳ್ಳ

"ನನ್ನ ನಂಬರ್ ಕದ್ದ ಕಳ್ಳ ಯಾರು, ಹೇಳ್ತೀಯೋ ಇಲ್ವೋ?"

ಯಾನೆಲಿಸ್ ಏದುಸಿರು ಬಿಡುತ್ತ ತಾರಸಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಎದುರು ಕಟ್ಟಡದ ನಾಲ್ಕನೇ ಮಹಡಿ ಇಳಿದು, ಬೀದಿ ದಾಟಿ, ಈ ಕಟ್ಟಡದ ಐದು ಮಹಡಿ ಹತ್ತಿ ಬಂದ ಸಿಟ್ಟು ಅದು. ಒಂದು ಕೈಯ ಉಗುರಿಗೆ ಕೆಂಪು ಬಣ್ಣ ಬಿದ್ದಿತ್ತು, ಇನ್ನೊಂದು ಕೈ ಬೋಳು.

ತಂತಿ ಸುಲಿಯುತ್ತಿದ್ದ ಒಸ್ಮೆಲ್ ತಲೆ ಎತ್ತಲಿಲ್ಲ. ಎತ್ತಿದರೆ ಮುಖವೇ ಬಾಯಿ ಬಿಡುತ್ತಿತ್ತು.

"ಪರದೆ ಮೇಲೆ ಏನು ಬರ್ತಿದೆ?"

"ಈ ಐಪಿ ವಿಳಾಸ ಇನ್ನೊಂದು ಕಂಪ್ಯೂಟರಿಗೂ ಇದೆ ಅಂತ. ಸರಿಯಾಗಿ ಐದು ಗಂಟೆಗೆ. ನಿನ್ನೆನೂ ಅಷ್ಟೆ."

ಹವಾನಾದ ಆ ಕೇರಿಯಲ್ಲಿ ಯಾರ ಮನೆಗೂ ಇಂಟರ್ನೆಟ್ ಇರಲಿಲ್ಲ. ಕೊಡಬೇಕಾದವರು ಕೊಡಲಿಲ್ಲ. ಕಾದು ಕಾದು ಸಾಕಾದ ಹುಡುಗರೇ ತಾರಸಿಯಿಂದ ತಾರಸಿಗೆ ತಂತಿ ಎಳೆದು ತಮ್ಮದೇ ಜಾಲ ಕಟ್ಟಿಕೊಂಡಿದ್ದರು. ಆಟ, ಹಾಡು, ಹರಟೆ, ಎಲ್ಲ ಅದರೊಳಗೇ. ಒಂಬತ್ತನೇ ತರಗತಿಗೇ ಶಾಲೆಗೆ ಬೆನ್ನು ತಿರುಗಿಸಿದ್ದ ಒಸ್ಮೆಲ್ ಅರವತ್ತು ಮನೆಗಳಿಗೆ ನಂಬರ್ ಹಂಚುವ ಯಜಮಾನ.

"ಕೂತ್ಕೋ, ಹೇಳ್ಕೊಡ್ತೀನಿ. ನಾಲ್ಕು ಅಂಕಿ, ನಡುವೆ ಚುಕ್ಕಿ. ಒಂದೊಂದೂ ಸೊನ್ನೆಯಿಂದ ಇನ್ನೂರ ಐವತ್ತೈದರೊಳಗೆ. ನಿನ್ನದು 10.7.3.47. ಮೊದಲ ಮೂರು ನಮ್ಮ ಕೇರಿ, ಎಲ್ಲರಿಗೂ ಒಂದೇ. ಕೊನೇದು ಮಾತ್ರ ನೀನು."

"ನಿನ್ನದೆಷ್ಟು?"

"ಒಂದು. ಕೇರಿ ದಾಟಿ ಹೋಗೋದೆಲ್ಲ ನನ್ನ ಹೊಸ್ತಿಲು ದಾಟೇ ಹೋಗ್ಬೇಕು."

"ಜಂಬ ನೋಡು! ಸೊನ್ನೆ ಯಾರದು?"

"ಯಾರಿಗೂ ಕೊಡೋಹಾಗಿಲ್ಲ, ಅದು ಇಡೀ ಕೇರಿಯ ಹೆಸರು. ಇನ್ನೂರ ಐವತ್ತೈದೂ ಕೊಡೋಹಾಗಿಲ್ಲ. ಅಲ್ಲಿಗೆ ಹೇಳಿದ್ದು ಎಲ್ಲ ಮನೆಗೂ ಕೇಳಿಸುತ್ತೆ."

"ನಮ್ಮಮ್ಮನಿಗೆ ಅದೇ ಸರಿ."

ಅವಳು ನಕ್ಕಳು. ನಗುವಾಗ ಬೋಳು ಕೈಯಿಂದ ಬಾಯಿ ಮುಚ್ಚಿಕೊಂಡಳು, ಬಣ್ಣದ ಕೈಯನ್ನು ಗಾಳಿಗೆ ಹಿಡಿದಿದ್ದಳು. ಒಸ್ಮೆಲನ ಎದೆ ಸುಲಿದ ತಂತಿಯಂತಾಯಿತು.

ಕಳ್ಳ ಅವನ ಮಂಚದ ಕೆಳಗೇ ಇದ್ದ. ಎಲ್ಲಿಂದಲೋ ಜೋಡಿಸಿದ ಹಳೇ ಕಂಪ್ಯೂಟರು. ಅವಳು ದಿನಾ ಐದಕ್ಕೆ ಕಂಪ್ಯೂಟರ್ ಹಾಕುತ್ತಾಳೆಂದು ಅವನಿಗೆ ಗೊತ್ತು. ಅದಕ್ಕೆ ಐದು ನಿಮಿಷ ಮೊದಲು, ಅವಳ ನಂಬರನ್ನೇ ಕೊಟ್ಟು ಇದನ್ನು ಹಾಕುತ್ತಿದ್ದ. ಅವಳು ಜಗಳಕ್ಕೆ ಬರಲಿ ಎಂದು.

ಬಂದಳು. ವಾರಕ್ಕೆರಡು ಸಲ, ಮೂರು ಸಲ. ಅವನು ಪುಟ್ಟ ಲೋಟದಲ್ಲಿ ಕಾಫಿ ಕೊಡುತ್ತಿದ್ದ. ಅವಳು ಸಕ್ಕರೆ ಸಾಲದೆಂದು ಬೈಯುತ್ತಿದ್ದಳು. ಯಾರ ಮುಖಕ್ಕಾದರೂ ಹೊಡೆದಂತೆ ಮಾತಾಡುವ ಗಂಡು, ಅವಳೆದುರು ಒಂದು ಮಾತನ್ನು ಎಂಟು ತಿಂಗಳು ನುಂಗಿದ. ಇವತ್ತು ಬೇಡ, ನಾಳೆ. ನಾಳೆ ಹೇಗೂ ಬರುತ್ತಾಳಲ್ಲ.

ಫೆಬ್ರವರಿಯ ಒಂದು ಸಂಜೆ ಅವಳು ಬಂದಳು, ಬೈಯಲಿಲ್ಲ.

"ಮನೆ ಬದಲಿ ಆಯ್ತು."

ದುಡ್ಡಿಲ್ಲದವರು ಮನೆಗೆ ಮನೆ ಬದಲಿ ಮಾಡಿಕೊಳ್ಳುವ ಊರು ಅದು. ಅವಳ ತಾಯಿ ಮಿಗ್ದಾಲಿಯಾಗೆ ಮಂಡಿ ಹೋಗಿತ್ತು, ಕಟ್ಟಡಕ್ಕೆ ಲಿಫ್ಟಿಲ್ಲ. ನಾಲ್ಕನೇ ಮಹಡಿ ಹವಾನಾದಲ್ಲಿ ಯಾರಿಗೂ ಬೇಡ. ಎರಡು ವರ್ಷ ಹುಡುಕಿದ ಮೇಲೆ ಒಪ್ಪಿದವಳು ದೂರದ ಓಲ್ಗಿನ್ ಊರಿನವಳು. ಅಲ್ಲಿ ಅವಳ ಮನೆ ನೆಲಮಹಡಿ, ಎದುರಿಗೇ ಬೀದಿ. ಶನಿವಾರ ಲಾರಿ.

"ನನ್ನ ನಂಬರ್ ತಗೊಂಡು ಹೋಗ್ಬಹುದಾ?"

"ಅದು ಈ ತಂತಿಯೊಳಗೆ ಮಾತ್ರ. ಹೊರಗೆ ಅದು ಯಾರಿಗೂ ಗೊತ್ತಿಲ್ಲ. ಅಲ್ಲೂ ಯಾವಳಿಗೋ ಇದೇ 10.7.3.47 ಇರಬಹುದು."

"ಅವಳಿಗೂ ನನಗೂ ಜಗಳ ಆಗುತ್ತಾ?"

"ಇಲ್ಲ. ಒಂದೇ ಜಾಲದಲ್ಲಿದ್ರೆ ಮಾತ್ರ ಜಗಳ."

ಅವಳು ಬಗ್ಗಿ ಮಂಚದ ಹೊದಿಕೆ ಎತ್ತಿದಳು. ಕತ್ತಲಲ್ಲಿ ಹಸಿರು ದೀಪ ಮಿಣುಕುತ್ತಿತ್ತು.

"ಇನ್ನು ಇದನ್ನ ಆರಿಸಿಬಿಡು."

ಒಸ್ಮೆಲ್ ಹೊದಿಕೆಯನ್ನು ಕೆಳಗೆಳೆದ. "ಯಾವಾಗ ಗೊತ್ತಾಯ್ತು?"

"ಎರಡನೇ ವಾರ. ನೀನೇ ಕಲಿಸಿದ್ಯಲ್ಲ. ನಾನು 48 ಹಾಕ್ಕೊಂಡು 47ಕ್ಕೆ ಪಿಂಗ್ ಕೊಟ್ಟೆ, 'ಇದ್ದೀಯಾ' ಅಂತ. ಉತ್ತರ ಬಂತು. ಕಂಪ್ಯೂಟರಿನ ಹೆಸರು ಕೇಳಿದೆ. 'ಒಸ್ಮೆಲ್' ಅಂತ ಬಂತು. ಹೆಸರು ಬದಲಾಯಿಸೋ ಬುದ್ಧಿನೂ ಇಲ್ಲ, ಕತ್ತೆ."

"ಹಾಗಾದ್ರೆ 48ರಲ್ಲೇ ಇರಬಹುದಿತ್ತಲ್ಲ?"

"ಇರಬಹುದಿತ್ತು."

ಕೆಳಗೆ ಬೀದಿಯಲ್ಲಿ ಯಾರೋ ಡಾಮಿನೋ ಬಿಲ್ಲೆಯನ್ನು ಮೇಜಿಗೆ ಕುಟ್ಟಿದರು.

"ಎಂಟು ತಿಂಗಳು ಈ ಐದು ಮಹಡಿ ಹತ್ತಿದವಳು ನಾನು ಕಣೋ," ಅವಳ ದನಿ ಒಡೆಯಿತು. "ಒಂದು ಮಾತು ಹೇಳೋಕೆ ನಿನಗೇನು ರೋಗ ಬಂದಿತ್ತು?"

"ಈಗ ಹೇಳ್ತೀನಿ. ನೀನಂದ್ರೆ ನಂಗೆ ಪ್ರಾಣ. ಹೋಗ್ಬೇಡ."

"ಅಮ್ಮ ಬೀದಿಗೆ ಇಳಿದು ಮೂರು ವರ್ಷ ಆಯ್ತು, ಒಸ್ಮೆಲ್. ಒಬ್ಬಳನ್ನೇ ಹೇಗೆ ಕಳಿಸ್ಲಿ?"

ಅವಳು ಅವನ ಮಣಿಕಟ್ಟು ಹಿಡಿದಳು. ಬಿಟ್ಟಾಗ ಅಲ್ಲಿ ಹಸಿ ಉಗುರುಬಣ್ಣದ ಒಂದು ಕೆಂಪು ಗೀರು ಉಳಿದಿತ್ತು.

ಶನಿವಾರ ಮಿಗ್ದಾಲಿಯಾಳನ್ನು ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದವರಲ್ಲಿ ಕುರ್ಚಿಯ ಮುಂದಿನ ಕಾಲು ಹಿಡಿದವನು ಒಸ್ಮೆಲನೇ.

"ಮೆತ್ತಗೆ, ಮಗಾ! ನಾನು ಫ್ರಿಜ್ಜಲ್ಲ!" ಇಡೀ ಕೇರಿಗೆ ಕೇಳುವಂತೆ ಆಕೆ ಕೂಗಿದಳು.

ನಾಲ್ಕು ಮಹಡಿ. ಒಂದೊಂದು ಮೆಟ್ಟಿಲು ಇಳಿದಾಗಲೂ ಯಾನೆಲಿಸಳನ್ನು ಅವನೇ ದೂರ ಕಳಿಸುತ್ತಿದ್ದ. ಬಿಸಿಲು ಮುಖಕ್ಕೆ ಬಿದ್ದಾಗ ಮುದುಕಿ ಕಣ್ಣು ಮುಚ್ಚಿ ಅತ್ತಳು. ಅದನ್ನು ನೋಡಿ ಅವನಿಗೆ ಯಾರ ಮೇಲೂ ಸಿಟ್ಟು ಮಾಡಲಾಗಲಿಲ್ಲ. ಅದೇ ಅವನಿಗೆ ತಡೆಯಲಾಗದ ಸಿಟ್ಟು.

ಮಾರನೇ ವಾರ ಓಲ್ಗಿನ್‌ನಿಂದ ಬಂದ ಕರಿದಾದ್ ನಂಬರ್ ಕೇಳಲು ತಾರಸಿಗೆ ಹತ್ತಿದಳು. ಅವನು ಪುಸ್ತಕ ತೆಗೆದು 48 ಎಂದು ಬರೆದ.

"ಆ ಮನೆಗೆ ನಲವತ್ತೇಳು ಇತ್ತಂತಲ್ಲಪ್ಪ, ಖಾಲಿ ಇಲ್ವಾ?"

"ಇಲ್ಲ," ಎಂದು ಪುಸ್ತಕ ರಪ್ಪನೆ ಮುಚ್ಚಿದ.

ಐದಕ್ಕೆ ಐದು ನಿಮಿಷವಿರುವಾಗ ಮಂಚದ ಕೆಳಗಿನ ಕಂಪ್ಯೂಟರ್ ಹಾಕಿದ. 10.7.3.47. ಎರಡು ಲೋಟಕ್ಕೆ ಕಾಫಿ ಬಗ್ಗಿಸಿದ. ಒಂದಕ್ಕೆ ಸಕ್ಕರೆ ಹೆಚ್ಚು.

ಐದಾಯಿತು. ಐದೂಕಾಲಾಯಿತು. ಪರದೆಯಲ್ಲಿ ತಕರಾರೇ ಇಲ್ಲ, ಎಲ್ಲ ಸರಿಯಾಗಿತ್ತು. ಮೆಟ್ಟಿಲ ಮೇಲೆ ಯಾರ ಹೆಜ್ಜೆಯೂ ಇರಲಿಲ್ಲ.