ಮೇಜಿನ ಕೆಳಗೆ ಒಮ್ಮೆ ಬಗ್ಗಿ ನೋಡಿದ್ದರೆ...

"ಬಾಗಿಲು ಮುಚ್ಚಬೇಡಿ!"

"ಮೊದಲು ಆ ಕಿಟಕಿ ಮುಚ್ಚಿ!"

ಕಂಪ್ಯೂಟರ್ ಅಂಗಡಿಯ ಹುಡುಗ, ಆಗಷ್ಟೇ ಒಳಗೆ ಬಂದ ನೆವೇನಾ, ಇಬ್ಬರೂ ಒಟ್ಟಿಗೇ ಕಿರುಚಿದ್ದರು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಕಿಟಕಿಯಿಂದ ನುಗ್ಗಿದ ಕೊಶಾವಾ ಎಂಬ ಬಿರುಗಾಳಿ ನೆವೇನಾಳ ಕೈಯಲ್ಲಿದ್ದ ಚಿತ್ರಗಳನ್ನೆಲ್ಲ ಕಿತ್ತುಕೊಂಡು, ಬಾಗಿಲಿನಿಂದ ಪಾಂಚೆವೊ ಊರಿನ ಬೀದಿಗೆ ಎಸೆದಿತ್ತು.

ಕೂದಲ ತುಂಬ ಧೂಳು ಮೆತ್ತಿಕೊಂಡಿದ್ದ ಆ ಅಂಗಡಿಯ ಹುಡುಗ ಕೈಯಲ್ಲಿದ್ದ, ಧೂಳು ಊದುವ ಬ್ಲೋಯರ್ ಬಿಸಾಕಿ ಓಡಿದ. ಬಸ್ಸಿಗೆ ಅಡ್ಡ ಕೈ ತೋರಿಸಿ ನಿಲ್ಲಿಸಿ, ಚಕ್ರದ ಬುಡದಿಂದ ಕೊನೆಯ ಚಿತ್ರ ಎತ್ತಿಕೊಂಡ. ಡ್ರೈವರ್ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ ಬಿಡಿ!

ಎದುರಿನ ಅಂಗಡಿಯಲ್ಲಿ ಬುರೆಕ್ ಎಂಬ ಹೂರಣದ ಪದರ ರೊಟ್ಟಿ ಸುಡುತ್ತಿದ್ದ ಸ್ಮಿಲ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹೇ ಹುಡುಗಿ, ಸೊಂಟ ಜೋಪಾನ! ಈ ಊರಲ್ಲಿ ಬಾಗಿಲು ಕಿಟಕಿ ಎರಡೂ ತೆಗೆದಿಟ್ಟು ಕೂರೋ ಹುಚ್ಚ ಇವನೊಬ್ನೇ!"

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಮ್ಮ ಕಡೆ ತೋಳಕ್ಕೆ ಹೆದರದ ಗಂಡಸೂ ಪ್ರೊಮಾಯಾಕ್ಕೆ ಹೆದರುತ್ತಾನೆ. ಪ್ರೊಮಾಯಾ ಎಂದರೆ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಡುವ ಗಾಳಿ. ಅದು ತಾಗಿದರೆ ಕುತ್ತಿಗೆ ಹಿಡಿಯುತ್ತದೆ, ಮೂತ್ರಪಿಂಡ ಕೆಡುತ್ತದೆ, ಹೆಣ್ಣಿಗೆ ಮಕ್ಕಳಾಗುವುದಿಲ್ಲ. ಹುಟ್ಟಿದ ಮಗುವಿಗೂ ಗೊತ್ತಿರುವ ಮಾತು ಇದು!

"ಎಲ್ಲಾ ಸಿಕ್ತು..." ಏದುಸಿರು ಬಿಡುತ್ತ ಚಿತ್ರಗಳನ್ನು ಚಾಚಿದ ಅವನು. "ಕ್ಷಮಿಸಿ. ನಾನು ದಾಮ್ಯಾನ್. ಧೂಳು ಹೊರಗೆ ಹೋಗ್ಲಿ ಅಂತ ತೆಗೆದಿಟ್ಟಿದ್ದೆ."

'ಬೈಯಬೇಕು ಅಂತಲೇ ಬಾಯಿ ತೆರೆದೆ... ಆದರೆ ಆ ಕಣ್ಣು!' ನೆವೇನಾ ಚಿತ್ರಗಳನ್ನು ಎಣಿಸುವ ನೆಪದಲ್ಲಿ ತಲೆ ತಗ್ಗಿಸಿದಳು.

ಚಿತ್ರಗಳಿಗೆ ಜೀವ ಕೊಟ್ಟು ಚಿಕ್ಕ ಸಿನಿಮಾ ಮಾಡುವುದು ಅವಳ ಕನಸು. ಅದಕ್ಕೆ ಗಟ್ಟಿ ಕಂಪ್ಯೂಟರ್ ಬೇಕಿತ್ತು. ದಾಮ್ಯಾನ್ ಒಂದೊಂದೇ ಭಾಗ ಆರಿಸಿ ಜೋಡಿಸಿದ. ಅವಳು ದಿನವೂ ನೋಡಲು ಬಂದಳು. ನೋಡಲು ಬಂದದ್ದು ಕಂಪ್ಯೂಟರನ್ನು ಮಾತ್ರವೇ ಎಂದು ಸ್ಮಿಲ್ಯಾ ದಿನವೂ ಕೇಳಿದಳು!

"ಕೈ ಕೊಡು," ಎಂದ ಅವನು ಒಂದು ದಿನ. ಅವಳ ಅಂಗೈಯನ್ನು ಕಂಪ್ಯೂಟರ್ ಪೆಟ್ಟಿಗೆಯ ಮುಂದೆ ಹಿಡಿದ. "ಇಲ್ಲಿಂದ ತಣ್ಣನೆ ಗಾಳಿ ಒಳಗೆ ಹೋಗುತ್ತೆ." ಆಮೇಲೆ ಹಿಂದಿನ ಜಾಲರಿಯ ಹತ್ತಿರ. "ಪ್ರೊಸೆಸರಿನ ಬಿಸಿ ಹೊತ್ಕೊಂಡು ಇಲ್ಲಿಂದ ಹೊರಗೆ ಬರುತ್ತೆ. ಗೊತ್ತಾಗ್ತಿದ್ಯಾ?"

ಅಂಗೈ ಬೆಚ್ಚಗಾಯಿತು. ಕೆನ್ನೆಯೂ.

"ಈ ದಾರೀಲಿ ಯಾರೂ ಅಡ್ಡ ನಿಲ್ಲಬಾರದು, ನೆವೇನಾ."

"ನಿಂತ್ರೆ?"

"ಉಸಿರು ಕಟ್ಟಿ ಬಿದ್ದೋಗುತ್ತೆ, ಪಾಪ."

ಬಿಸಿ ಗಾಳಿಯನ್ನು ಹೊರಗೆ ದಬ್ಬುವ ಹಿಂದಿನ ಫ್ಯಾನ್ ಮಾತ್ರ ಹೊಸದಲ್ಲ. ತನ್ನ ಡ್ರಾಯರಿನಿಂದಲೇ ತೆಗೆದು ಹಾಕಿದ್ದ. "ಹಳೇದು. ಆದ್ರೆ ಹೊಸದಕ್ಕಿಂತ ಗಟ್ಟಿ. ನನ್ನ ಮಾತು ನಂಬು," ಎಂದಿದ್ದ. ಅವಳು ನಂಬಿದ್ದಳು. ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಮದುವೆ ಎಂಬ ಮಾತೂ ಆಯಿತು, ಅವನ ಉಂಗುರವೂ ಅವಳ ಬೆರಳಿಗೇರಿತು.

ಎಲ್ಲ ಸರಿಯಾಗಿಯೇ ಇತ್ತಲ್ಲ... ಆ ಜುಲೈ ಬರುವ ತನಕ!

ಚಿತ್ರೋತ್ಸವಕ್ಕೆ ಸಿನಿಮಾ ಕಳಿಸಲು ಅದು ಕೊನೆಯ ದಿನ. ಆಯ್ಕೆಯಾದರೆ ಪ್ರಾಗ್‌ನಲ್ಲಿ ಓದು, ಖರ್ಚೆಲ್ಲ ಅವರದೇ. ಕಂಪ್ಯೂಟರ್ ಅವಳ ಚಿತ್ರಗಳನ್ನು ಒಂದಕ್ಕೊಂದು ಪೋಣಿಸುತ್ತ ಗುಂಯ್‌ಗುಡುತ್ತಿತ್ತು. ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ಉಷ್ಣಾಂಶ ಎಂಬತ್ತು ದಾಟಿತು. ತೊಂಬತ್ತು ದಾಟಿತು. ನೂರರ ಹತ್ತಿರ ಬಂದು... ಪಟ್ ಎಂದು ಎಲ್ಲ ಕಪ್ಪಾಯಿತು!

ಮತ್ತೆ ಹಚ್ಚಿದಳು. ಮತ್ತೆ ಆರಿತು. ಅವನಿಗೆ ಫೋನ್ ಮಾಡಿದಳು. ಅವನು ಯಾವುದೋ ಹಳ್ಳಿಗೆ ಕೆಲಸಕ್ಕೆ ಹೋಗಿದ್ದ, ಫೋನ್ ಸಿಗಲಿಲ್ಲ. ಗಡುವು ಕಣ್ಣೆದುರೇ ಕಳೆದುಹೋಯಿತು. ನೆವೇನಾ ಅಳುತ್ತ ತಮಿಶ್ ನದಿಯ ದಡಕ್ಕೆ ಹೋಗಿ ಕೂತುಬಿಟ್ಟಳು.

ಸಂಜೆ ಮನೆಗೆ ಬಂದಾಗ ಕಂಪ್ಯೂಟರ್ ಹಾಲು ಕುಡಿದ ಮಗುವಿನಂತೆ ಸದ್ದಿಲ್ಲದೆ ಓಡುತ್ತಿತ್ತು!

"ನಿನ್ನ ಹುಡುಗ ಬಂದಿದ್ದ, ನಿನ್ನ ಫೋನ್ ಬಂದಿದ್ದು ನೋಡಿ ಓಡಿ ಬಂದನಂತೆ," ಎಂದಳು ಸ್ತಾನಾ ಅಜ್ಜಿ. ತಂದೆ ತಾಯಿ ಇಲ್ಲದ ನೆವೇನಾಳನ್ನು ಸಾಕಿದವಳು ಅವಳೇ. "ಅದೇನೋ ಬಿಚ್ಚಿದ, ಮುಚ್ಚಿದ. ನಾನು ಕಾಫಿ ಮಾಡಿಕೊಟ್ಟೆ."

'ಬಿಚ್ಚಿದನಾ? ಅಂದ್ರೆ... ಕೆಟ್ಟ ಫ್ಯಾನ್ ತೆಗೆದು, ನಾನಿಲ್ಲದಾಗ ಬೇರೆ ಹಾಕಿ ಹೋಗಿದ್ದಾನೆ! ಕದ್ದು!'

ನೆವೇನಾ ಬಂದ ಕಾಲಲ್ಲೇ ತಿರುಗಿದಳು. ಅಂಗಡಿಗೆ ನುಗ್ಗಿದಳು. ನಾಲ್ಕಾರು ಗಿರಾಕಿಗಳಿದ್ದರು, ಬಾಗಿಲಲ್ಲಿ ಸ್ಮಿಲ್ಯಾ ಇದ್ದಳು.

"ಹಳೇ ಫ್ಯಾನ್ ತಗುಲಿಸಿ ನನ್ನ ಜೀವನಾನೇ ಹಾಳು ಮಾಡಿದ್ಯಲ್ಲೋ! ಆಮೇಲೆ ಕಳ್ಳನ ಹಾಗೆ ಬಂದು ಬದಲಾಯಿಸ್ತೀಯಾ?"

"ನೆವೇನಾ, ಕೇಳು..."

"ಬದಲಾಯಿಸಿಲ್ಲ ಅಂತ ಹೇಳು! ಹಾಗಾದ್ರೆ ಕೆಟ್ಟಿದ್ದು ಏನು? ಹೇಳು!"

ದಾಮ್ಯಾನ್ ಅವಳ ಊದಿದ ಕಣ್ಣುಗಳನ್ನು ನೋಡಿದ.

"ತಪ್ಪು ನಂದೇ ಅಂದ್ಕೋ," ಎಂದ ಮೆಲ್ಲಗೆ.

"ಮೋಸಗಾರ!" ಬೆರಳಿನ ಉಂಗುರ ಅವನ ಮೇಜಿನ ಮೇಲೆ ಬಿತ್ತು. ಊರು ಚಿಕ್ಕದು. ಹಳೆಯ ಸಾಮಾನು ಹಾಕಿ ಮೋಸ ಮಾಡುವವನು ಎಂಬ ಹೆಸರು ಅವನಿಗೆ ವಾರದೊಳಗೆ ಅಂಟಿಕೊಂಡಿತು.

* * *

ಎರಡು ಬೇಸಿಗೆ ಕಳೆದವು. ನೆವೇನಾ ಜಾಹೀರಾತುಗಳಿಗೆ ಚಿತ್ರ ಮಾಡಿಕೊಂಡು ದಿನ ದೂಡುತ್ತಿದ್ದಳು. ಅವನ ಬೀದಿಗೆ ಹೋಗುತ್ತಿರಲಿಲ್ಲ. ಸುತ್ತು ಹಾಕಿಯಾದರೂ ಬೇರೆ ದಾರಿಯಲ್ಲಿ ಹೋಗುತ್ತಿದ್ದಳು.

ಆ ವಾರ ಅವಳಿಗೆ ಕೆಮ್ಮು. ಕೆಮ್ಮುತ್ತಲೇ ಕೆಲಸ ಮಾಡುತ್ತಿದ್ದಾಗ ಕಂಪ್ಯೂಟರ್ ಏಕಾಏಕಿ ಅರಚತೊಡಗಿತು. ಎಂಬತ್ತು... ತೊಂಬತ್ತು... ಅದೇ! ಮತ್ತೆ ಅದೇ!

ಈ ಸಲ ಆರುವ ಮೊದಲೇ ಮೇಜಿನ ಕೆಳಗೆ ಬಗ್ಗಿದಳು. ಪೆಟ್ಟಿಗೆಯ ಹಿಂದೆ, ಗೋಡೆಗೂ ಜಾಲರಿಗೂ ನಡುವೆ ಕೈ ಹಾಕಿದಳು. ಮೆತ್ತಗೆ, ಬಿಸಿಯಾಗಿ ಏನೋ ಸಿಕ್ಕಿತು. ಎಳೆದಳು.

ಅಜ್ಜಿಯ ಉಣ್ಣೆ ಶಾಲು!

"ಅಜ್ಜೀ! ಇದೇನಿದು?"

"ಅಯ್ಯೋ, ಅದನ್ಯಾಕೆ ತೆಗ್ದೆ?" ಅಜ್ಜಿ ಅಡುಗೆಮನೆಯಿಂದಲೇ ಗದರಿದಳು. "ಈ ಕಡೆ ಕಿಟಕಿ ತೆಗೆದಿರುತ್ತೆ, ಆ ಕಡೆ ನಿನ್ನ ಡಬ್ಬದ ಬೆನ್ನು ತೂತು. ಮಧ್ಯ ನೀನು ಕೂತಿರ್ತೀಯ. ಸೊಂಟಕ್ಕೆ ಪ್ರೊಮಾಯಾ ಹೊಡೆಯಲ್ವೇನೇ? ಕೆಮ್ಮು ಬೇರೆ! ಆ ಹುಡುಗ ಬೇಡ ಅಂದಿದ್ದ, ನಿಜ. ಆದ್ರೂ ನನ್ನ ಮನಸ್ಸು ತಡೀಲಿಲ್ಲ."

ನೆವೇನಾ ತಲೆ ಎತ್ತಿದಳು. "ಯಾವ... ಯಾವ ಹುಡುಗ?"

"ಇನ್ಯಾವನು? ನಿನ್ನ ದಾಮ್ಯಾನ್! ಅವತ್ತು ಬಂದವನು ಡಬ್ಬದ ಹಿಂದಿನಿಂದ ಇದೇ ಶಾಲು ಎಳೆದ. ಆಮೇಲೆ ನಕ್ಕ. 'ಅಜ್ಜಿ, ನಮಗೆ ಗಾಳಿ ತಾಗಿದ್ರೆ ಕಾಯಿಲೆ, ಇದಕ್ಕೆ ತಾಗದಿದ್ರೆ ಕಾಯಿಲೆ' ಅಂದ. ನನ್ನ ಹೆಗಲಿಗೇ ಹೊದಿಸಿ ಹೋದ. ಒಳ್ಳೇ ಹುಡುಗ. ಯಾಕೋ ಆಮೇಲೆ ಬರಲೇ ಇಲ್ಲ ನೋಡು..."

ಜಗಳ ಯಾಕಾಯಿತೆಂದು ನೆವೇನಾ ಅಜ್ಜಿಗೆ ಹೇಳಿರಲೇ ಇಲ್ಲ. ಆ ಶಾಲಿಗೂ, ಮುರಿದ ಮದುವೆಗೂ ಸಂಬಂಧವಿದೆ ಎಂಬುದು ಅವಳ ಕನಸಿನಲ್ಲೂ ಇರಲಿಲ್ಲ. ಆ ಜುಲೈಯಲ್ಲಿ ಹೃದಯದ ಆಪರೇಷನ್ ಆಗಿ ಆಗಷ್ಟೇ ಮನೆಗೆ ಬಂದಿದ್ದವಳು ಅವಳು.

ನೆವೇನಾ ಶಾಲನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೇ ಕೂತುಬಿಟ್ಟಳು.

'ಅವನು ಹೇಳಿದ್ದರೆ ನಾನು ಅಜ್ಜಿಯ ಮೇಲೆ ಹರಿಹಾಯ್ತಿದ್ದೆ. ಖಂಡಿತ ಹರಿಹಾಯ್ತಿದ್ದೆ. ಅದಕ್ಕೇ ನುಂಗಿಕೊಂಡ! ನಾನು... ಒಮ್ಮೆ ಬಗ್ಗಿ ನೋಡಿದ್ದರೆ ಸಾಕಿತ್ತಲ್ಲ! ಒಂದೇ ಒಂದು ಸಲ!'

"ನೆಲ ತಣ್ಣಗಿದೆ, ಏಳೇ!" ಎಂದು ಅಜ್ಜಿ ಕೂಗಿದಳು.

* * *

ಅಂಗಡಿಯ ಬಾಗಿಲು ತೆರೆದೇ ಇತ್ತು. ಕಿಟಕಿಯೂ. ಆದರೆ ಗಿರಾಕಿಗಳು ಹೆಚ್ಚಿಲ್ಲ. ದಾಮ್ಯಾನ್ ತಲೆ ಎತ್ತಿದ. ಕಿವಿಯ ಪಕ್ಕ ಒಂದೆರಡು ಬಿಳಿ ಕೂದಲು.

ಬುರೆಕ್ ಪೊಟ್ಟಣ ಕೊಡಲು ಬಂದಿದ್ದ ಸ್ಮಿಲ್ಯಾ ಅಲ್ಲೇ ನಿಂತಳು. "ಬಂದಳಪ್ಪಾ ಮಹಾರಾಣಿ! ಇವತ್ತು ಏನು ಎಸೀತೀಯಾ?"

"ಸ್ಮಿಲ್ಯಾ, ನೀನೂ ಕೇಳು. ಎಲ್ರೂ ಕೇಳಿ." ನೆವೇನಾ ಹೊಸ್ತಿಲು ದಾಟಿ ಒಳಗೆ ಬಂದಳು. "ಇವನು ಹಾಕಿದ ಫ್ಯಾನ್ ಕೆಟ್ಟಿರಲಿಲ್ಲ. ಇವತ್ತಿಗೂ ಕೆಟ್ಟಿಲ್ಲ. ಅವತ್ತು ಗಾಳಿ ಹೊರಗೆ ಹೋಗೋ ಜಾಗ ಮುಚ್ಚಿತ್ತು. ಅಲ್ಲಿ ಬಟ್ಟೆ ತುರುಕಿದ್ದು... ನಾನು. ನಾನೇ ತುರುಕಿ ಮರೆತಿದ್ದೆ. ಇವನನ್ನ ಮೋಸಗಾರ ಅಂದೆ. ಮೋಸ ಮಾಡಿದ್ದು ನಾನು."

ಮಾತು ಸ್ಮಿಲ್ಯಾಳ ಕಿವಿಗೆ ಬಿದ್ದಿತ್ತು. ಇನ್ನು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುವುದು ಖಚಿತ. ಅವಳು ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಇದ್ದ ಒಬ್ಬ ಗಿರಾಕಿಯನ್ನೂ ತೋಳು ಹಿಡಿದು ಎಳೆದುಕೊಂಡು ಹೋದಳು.

ದಾಮ್ಯಾನ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಅವನಿಗೆ ಗೊತ್ತಿತ್ತಲ್ಲ, ಬಟ್ಟೆ ತುರುಕಿದ್ದು ಯಾರೆಂದು!

"ನೀನಲ್ಲ ಅದು," ಎಂದ.

"ನಾನೇ."

"ಸುಳ್ಳು ಹೇಳೋಕೆ ಬರಲ್ಲ ನಿಂಗೆ, ನೆವೇನಾ."

"ನಿನ್ನಿಂದಲೇ ಕಲಿತೆ..." ಅವಳ ಕಣ್ಣು ತುಂಬಿ ಬಂತು. "ಒಂದು ಮಾತು ಹೇಳ್ಬೋದಿತ್ತಲ್ಲ ದಾಮ್ಯಾನ್! ಆಮೇಲಾದ್ರೂ!"

"ಸಿಟ್ಟು ಇಳೀಲಿ, ನಾಳೆ ಬರ್ತಾಳೆ, ಆಗ ಹೇಳಿದ್ರಾಯ್ತು ಅಂದ್ಕೊಂಡೆ. ನೀನು ಬರಲಿಲ್ಲ." ಅವನು ತಲೆ ತಗ್ಗಿಸಿದ. "ಮೋಸಗಾರ ಅಂದವಳ ಮನೆಗೆ ನಾನು ಹೇಗೆ ಬರ್ಲಿ? ನಂಗೂ ನೋವಾಗಿತ್ತು ಕಣೇ. ಅಜ್ಜಿಗೋಸ್ಕರ ಸುಮ್ಮನಿದ್ದೆ ಅಂತ ನನಗೆ ನಾನೇ ಹೇಳ್ಕೊಂಡೆ. ನಿಜ ಹೇಳ್ಲಾ? ಮೊದಲ ದಿನ ಅಜ್ಜಿಗೋಸ್ಕರ. ಆಮೇಲೆಲ್ಲ ಬರೀ ಹಠ."

"ಎಷ್ಟು ದಿನ ಹಾಳು ಮಾಡ್ಕೊಂಡ್ವಿ..."

"ಹೂಂ. ಅವು ವಾಪಸ್ ಬರಲ್ಲ."

ಪ್ರಾಗ್ ಹೋಯಿತು, ದ್ರಾಕ್ಷಿ ಕೊಯ್ಲುಗಳು ಹೋದವು. ಅದನ್ನು ಯಾವ ಕ್ಷಮೆಯೂ ತಂದುಕೊಡುವುದಿಲ್ಲ.

ಗಾಳಿ ಹಾದುಹೋಯಿತು. ನೆವೇನಾ ಕೆಮ್ಮಿದಳು. ದಾಮ್ಯಾನ್ ತಟ್ಟನೆ ಎದ್ದು ಕಿಟಕಿಯತ್ತ ನಡೆದ. ಯಾರು ಬೈದರೂ ಮುಚ್ಚದ ಕಿಟಕಿ ಅದು!

"ಬೇಡ," ಎಂದಳು ಅವಳು. "ತೆಗೆದಿರ್ಲಿ. ನಂಗೆ ಈ ಗಾಳಿ ಬೇಕು."

"ಕೆಮ್ತಾ ಇದೀಯ..."

"ದಾಮ್ಯಾನ್, ಇವತ್ತು ಮನೆಗೆ ಬರ್ತೀಯಾ? ಅಜ್ಜಿ ನಿನ್ನ ಕೇಳ್ತಿರ್ತಾಳೆ." ಅವಳು ಅವನ ಮುಖ ನೋಡಿದಳು. "ಅಜ್ಜಿ ಮಾತ್ರ ಅಲ್ಲ."

ಅವನು ಡ್ರಾಯರ್ ಎಳೆದ. ಹಳೆಯ ಫ್ಯಾನುಗಳ ನಡುವಿನಿಂದ ಉಂಗುರ ತೆಗೆದು ಅಂಗಿಯ ತುದಿಯಿಂದ ಧೂಳು ಒರೆಸಿದ. ಅವಳ ಬೆರಳಿಗೆ ತೊಡಿಸಲಿಲ್ಲ. ಅವಳ ಅಂಗೈ ಬಿಡಿಸಿ ಅದರಲ್ಲಿಟ್ಟು, ತನ್ನ ಕೈಯಿಂದ ಮುಚ್ಚಿದ.

"ನಿಂಗೆ ಯಾವಾಗ ಅನ್ಸುತ್ತೋ ಆಗ ಹಾಕ್ಕೋ."

ನೆವೇನಾ ಬಿಕ್ಕುತ್ತಲೇ ತಲೆಯಾಡಿಸಿದಳು. "ಇದೆಲ್ಲ ಆ ಶಾಲಿನಿಂದ ಆಗಿದ್ದು ಅಂತ ಅಜ್ಜಿಗೆ ಗೊತ್ತಾಗೋದು ಬೇಡ. ತಡ್ಕೊಳಲ್ಲ ಅವಳು."

"ಗೊತ್ತಾಗಲ್ಲ."

"ಇಷ್ಟು ದಿನ ಯಾಕೆ ಬರಲಿಲ್ಲ, ಇವತ್ತು ಯಾಕೆ ಬಂದೆ ಅಂತ ಕೇಳಿದ್ರೆ?"

ದಾಮ್ಯಾನ್ ಅವತ್ತು ಮೊದಲ ಬಾರಿ ನಕ್ಕ. ಕಣ್ಣಲ್ಲಿ ನೀರಿತ್ತು.

"ಫ್ಯಾನ್ ಕೆಟ್ಟಿತ್ತು ಅಂತೀನಿ."